ಹರಿವಾಣದಷ್ಟು ಕಣ್ಣು

ಜೂನ್ ೯, ಸೋಮವಾರ

ಇವತ್ತಿನ ಶಬ್ದ: ಇಲ್ಲ.

ಹೀಗೆ ದಿನವೂ ಬರೆದಿಡಬೇಕೆಂದು ಕುಂದಾಪುರದ ಆಸ್ಪತ್ರೆಯ ಅನಿಷಾ ಹೇಳಿದ್ದಾಳೆ. ಅವಳದು ಮಾತು ಕಲಿಸುವ ಕೆಲಸ. ಪಾರ್ಶ್ವವಾಯು ಬಡಿದವರಿಗೆ ಮಾತು ಕಲಿಸಲೆಂದೇ ಒಂದು ಓದು ಇದೆ ಎನ್ನುವುದು ನನಗೆ ಈ ಅರವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. "ಅಮ್ಮ, ಅವ್ರ್ ಯಾವ್ ಶಬ್ದ ಹೇಳ್ರ್, ಯಾವ್ ಹೊತ್ತಿಗ್ ಹೇಳ್ರ್, ಎಲ್ಲ ಒಂದ್ ಪುಸ್ತಕದಗೆ ಬರ್ದಿಡಿ" ಎಂದಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ರಿಜಿಸ್ಟರು ಬರೆದವಳಿಗೆ ಇದೇನು ದೊಡ್ಡ ಕೆಲಸವಲ್ಲ. ಯಾವ ಮಗುವಿನ ತೂಕ ಎಷ್ಟು, ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದ ಕೈ ಇದು. ಈಗ ಗಂಡನ ಬಾಯಿಂದ ಬಿದ್ದ ಶಬ್ದ ಬರೆಯಬೇಕು.

ಬಿದ್ದರೆ ತಾನೇ. ಇಪ್ಪತ್ತೊಂದು ದಿನವಾಯಿತು. ಬಲಗೈ, ಬಲಗಾಲು ಏಳುವುದಿಲ್ಲ. ನಾವು ಹೇಳಿದ್ದೆಲ್ಲ ಇವರಿಗೆ ತಿಳಿಯುತ್ತದೆ, ಹೇಳಲು ಹೋದರೆ ಬಾಯಿ ಸುಮ್ಮನೆ ತೆರೆದು ಮುಚ್ಚುತ್ತದೆ. ಆರು ತಿಂಗಳೊಳಗೆ ಬಂದಷ್ಟು ಮಾತು ಬಂತು, ಆಮೇಲೆ ಕಷ್ಟ ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ.

ಒಂದು ಉಪಕಾರ ಮಾತ್ರ ಆಯಿತು. ಆ ಹಾಳು ಬೊಂಡಾಸಿನ ಕತೆ ನಿಂತಿತು.

ಬರೆದ ಮೇಲೆ ಈ ಸಾಲನ್ನು ಹೊಡೆದು ಹಾಕಬೇಕೆನಿಸಿತು. ಆದರೆ ರಿಜಿಸ್ಟರಿನಲ್ಲಿ ಹೊಡೆದು ಹಾಕುವ ಹಾಗಿಲ್ಲ.

ಜೂನ್ ೧೨, ಗುರುವಾರ

ಶಬ್ದ: ಇಲ್ಲ.

ಪಕ್ಕದ ಮನೆಯ ರತ್ನ ಬಂದು ಇವರ ಮಂಚದ ಪಕ್ಕ ಕುಳಿತಳು. "ಗುಲಾಬಕ್ಕ, ಬಚ್ಚಣ್ಣ ಹೀಂಗೆ ಸುಮ್ನೆ ಕೂಕಂಡದ್ದ್ ಕಾಂಬುಕೆ ಆತಿಲ್ಲ ಮಾರಾಯ್ತಿ. ಒಂದ್ಸಲ ಆ ಬೊಂಡಾಸಿನ ಕತಿ ಹೇಳ್ರೆ ಸಾಕಿತ್" ಎಂದಳು. ಈ ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಆ ಕತೆ ಕೇಳದ ಕಿವಿ ಇಲ್ಲ.

ನಮ್ಮ ಬಲೆಗೆ ಬೀಳುವ ಬೊಂಡಾಸ್, ಪೇಟೆಯವರು ಸ್ಕ್ವಿಡ್ ಎನ್ನುವುದು, ಅಂಗೈ ಉದ್ದ. ಹತ್ತು ಕೈ, ಹೊಟ್ಟೆಯಲ್ಲಿ ಮಸಿಚೀಲ, ಬೆನ್ನಲ್ಲಿ ಗಾಜಿನಂಥ ಒಂದು ಕಡ್ಡಿ. ತೊಳೆದು ಬಿಲ್ಲೆ ಮಾಡಿ ಸುಕ್ಕ ಮಾಡಿದರೆ ಎರಡು ತುತ್ತು ಅನ್ನ ಹೆಚ್ಚಿಗೆ ಹೋಗುತ್ತದೆ. ಇವರು ಕಂಡದ್ದು ಮಾತ್ರ ಬೋಟಿನ ಅರ್ಧದಷ್ಟು ಉದ್ದದ ಬೊಂಡಾಸ್! ೧೯೯೪ನೇ ಇಸವಿ. ಗಂಗೊಳ್ಳಿಯಿಂದ ಐದು ಜನ ಹೋಗಿದ್ದರು. ನೀಲಿ ನೀರು ಕಳೆದು ಕಪ್ಪು ನೀರು ಬರುವಷ್ಟು ಹೊರಗೆ, ಹೊತ್ತು ಮೂಡುವಾಗ ಬಲೆ ಎಳೆದರು. ಬೋಟು ನಡೆಸುವ ತಾಂಡೇಲ ಚುಕ್ಕಾಣಿ ಹಿಡಿದಿದ್ದ, ಇಬ್ಬರು ಒಳಗೆ ಮಲಗಿದ್ದರು. ಹಿಂದೆ ರೋಪು ಎಳೆಯುತ್ತಿದ್ದವರು ಇವರು ಮತ್ತು ನನ್ನ ತಮ್ಮ ಗುಡ್ಡ. ಬಲೆಯ ಜೊತೆ ಅದು ಮೇಲೆ ಬಂತು. ಇಟ್ಟಿಗೆಯ ಹಾಗೆ ಕೆಂಪು. ಕಣ್ಣು ಹರಿವಾಣದಷ್ಟು. ಇಲ್ಲಿ ಇವರು ಎರಡೂ ಕೈ ಎತ್ತಿ, ಬೆರಳು ಬಾಗಿಸಿ, ಗಾಳಿಯಲ್ಲಿ ಒಂದು ಹರಿವಾಣ ಹಿಡಿದು "ಇಷ್ಟ್!" ಎನ್ನುವುದು. "ಮತ್ತೆ ಅದ್ರ ವಾಸ್ನಿ ಬೊಂಡಾಸಿನ ವಾಸ್ನಿ ಅಲ್ಲ, ಉಚ್ಚಿ ವಾಸ್ನಿ" ಎನ್ನುವುದು. ಊರೆಲ್ಲ ಹೊಟ್ಟೆ ಹಿಡಿದು ನಗುವುದು. ಆಮೇಲೆ ರೋಪು ತುಂಡಾಗಿ ಬಲೆ, ಬೊಂಡಾಸ್ ಎರಡೂ ತಳಕ್ಕೆ.

ಅದೇ ವರ್ಷ ಬೋಟಿನ ಯಜಮಾನರು ಇವರನ್ನು ತಾಂಡೇಲ ಮಾಡುವವರಿದ್ದರು. "ಈ ವರ್ಷ ತಂದ ಹೊಸ ರೋಪ್ ತುಂಡಾತ್ತಾ? ಬಲಿ ಕಳ್ಕಂಡ್ ಬಂದ್ ಕತಿ ಕಟ್ತ್ಯಾ?" ಎಂದು ದಡದಲ್ಲೇ ಇಳಿಸಿದರು. ಬೊಂಡಾಸ್ ಬಚ್ಚ ಎಂಬ ಹೆಸರು ಬಿತ್ತು. ಸುಳ್ಳನನ್ನು ಯಾರು ಬೋಟಿಗೆ ಕರೆಯುತ್ತಾರೆ? ಅಂದಿನಿಂದ ಬೇರೆಯವರ ಹರಿದ ಬಲೆ ಕಟ್ಟಿಕೊಂಡು ದಡದಲ್ಲೇ ಕುಳಿತರು. "ಆ ಒಂದ್ ಸುಳ್ಳ್ ಹೇಳ್ದೆ ಇದ್ರೆ ನೀವ್ ಇವತ್ತ್ ತಾಂಡೇಲ್ರ್" ಎಂದು ನಾನು ಎಷ್ಟು ಸಲ ಅಂದಿರಬಹುದು. ಇವರು ಒಮ್ಮೆಯೂ ಉತ್ತರ ಕೊಟ್ಟವರಲ್ಲ.

ಜೂನ್ ೧೫, ಭಾನುವಾರ

ಶಬ್ದ: ಇಲ್ಲ.

ಗುಡ್ಡ ಮೀನು ತಂದ. ಬೋಟು ಮೇಲೆ ಎಳೆದಿಟ್ಟ ಈ ಮಳೆಗಾಲದಲ್ಲೂ ಅವನಿಗೆ ಎಲ್ಲಿಂದಲೋ ಮೀನು ಸಿಗುತ್ತದೆ. ಭಾನುವಾರ ಅಂದರೆ ನಮ್ಮ ಮನೆಗೆ ಅವನ ಮೀನು. ಕಡಲಿಗೆ ಹೋಗಿದ್ದರೆ ಯಾರ ಕೈಯಲ್ಲಾದರೂ ಕಳಿಸುತ್ತಾನೆ. ಈಗ ಗಂಗೊಳ್ಳಿಯಲ್ಲಿ ಅವನೇ ಹೆಸರುವಾಸಿ ತಾಂಡೇಲ.

"ಭಾವನ ಹತ್ರ ಒಂಚೂರ್ ಬೋಟಿನ ಸುದ್ದಿ ಮಾತಾಡಾ" ಎಂದೆ. ಭಾವನ ಮುಖ ನೋಡಿದ, ಕಾಲಬುಡದಲ್ಲಿ ನಿಂತ. "ಮಳಿ ಬತ್ತ್ ಅಕ್ಕ, ನಾ ಹೋತೆ" ಎಂದು ಹೊರಟೇಹೋದ. ಅವ ಮೊದಲಿನಿಂದಲೂ ಹಾಗೆಯೇ. ಕತೆ ಶುರುವಾದರೆ ಎದ್ದು ಹೋಗುವುದು. ಕೇಳಿದರೆ "ನಂಗ್ ಎಂತದೂ ಕಂಡದ್ದಿಲ್ಲೆ" ಎನ್ನುವುದು. ಭಾವನ ಸುಳ್ಳಿಗೆ ನಾಚಿಕೆ ಪಡುತ್ತಾನೆ, ಪಾಪ.

ಜೂನ್ ೨೨, ಭಾನುವಾರ

ಇವತ್ತಿನ ಶಬ್ದ: ಒಂದು. ಬರೆಯುವಂಥದ್ದಲ್ಲ.

ರತ್ನನ ಮನೆಗೆ ಬ್ರಹ್ಮಾವರದಿಂದ ನೆಂಟರು ಬಂದಿದ್ದರು. ಇವರನ್ನು ನೋಡಲು ಬಂದವರು ಸುಮ್ಮನೆ ಹೋಗುವುದು ಬಿಟ್ಟು ಬೊಂಡಾಸಿನ ಕತೆ ಏನದು ಎಂದು ಕೇಳಿದರು. ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ, ನಾನೇ ಹೇಳಲು ಹೋದೆ. ಜನ್ಮದಲ್ಲಿ ಮೊದಲ ಸಲ. "ಎಡಬದಿ ರೋಪ್ ಎಳೀತಿದ್ರ್ ಅಂಬ್ರ್" ಎಂದೆನೋ ಇಲ್ಲವೋ, ಮಂಚದ ಮೇಲೆ ಟಪ್ ಎಂದು ಎಡಗೈ ಬಡಿಯಿತು. ಹಿಂದೆಯೇ ಒಂದು ಬೈಗುಳ! ಸ್ಪಷ್ಟವಾಗಿ, ಒಂದಕ್ಷರ ಬಿಡದೆ, ನನ್ನ ತಾಯಿಯ ಕುಲಕ್ಕೇ ಸೇರುವಂಥದ್ದು.

ನೆಂಟರ ಮುಖ ಸಣ್ಣದಾಯಿತು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಮದುವೆಯಾದಂದಿನಿಂದ ಇವರು ಬೈದದ್ದಕ್ಕೆ ನಾನು ಇಷ್ಟು ಖುಷಿಪಟ್ಟದ್ದಿಲ್ಲ. ಅವರು ಹೋದ ಮೇಲೆ ಬೇಕೆಂದೇ ಇನ್ನೂ ಎರಡು ಸಲ "ಎಡಬದಿ, ಎಡಬದಿ" ಎಂದೆ. ಕಣ್ಣು ಕೆಂಪು ಮಾಡಿದರು, ಮಾತು ಬರಲಿಲ್ಲ.

ಜೂನ್ ೨೪, ಮಂಗಳವಾರ

ಕುಂದಾಪುರಕ್ಕೆ ಹೋಗಿ ಬಂದೆವು. ಬೈಗುಳವನ್ನು ಹೇಗೆ ಹೇಳಲಿ ಎಂದು ಅನಿಷಾಗೆ ಚೀಟಿಯಲ್ಲಿ ಬರೆದು ತೋರಿಸಿದೆ. ಬಿದ್ದು ಬಿದ್ದು ನಕ್ಕಳು. ಕೋಟೇಶ್ವರದ ಹುಡುಗಿ, ನಕ್ಕರೆ ಆಸ್ಪತ್ರೆಗೆಲ್ಲ ಕೇಳಬೇಕು.

"ಬೈಗುಳ ಮೊದ್ಲ್ ಬಪ್ಪುದ್ ಅಮ್ಮ. ಅದ್ ಮಾತಿನ ಹಾಂಗಲ್ಲ, ಸೀನ್ ಬಂದ ಹಾಂಗೆ. ಆರೆ ಒಂದ್ ಕಾಣಿ, ನೀವ್ ತಪ್ಪ್ ಹೇಳ್ರಿ, ಅವ್ರಿಗೆ ತಡ್ಕಂಬುಕೆ ಆಯ್ಲಿಲ್ಲ. ಇನ್ ದಿನಾ ಆ ಕತಿ ಹೇಳಿ. ತಪ್ಪ್ ಮಾಡಿ ಹೇಳಿ. ಒಂದ್ಸಲಕ್ ಒಂದೇ ತಪ್ಪ್. ಅವ್ರ್ ಸರಿ ಮಾಡು ತನ್ಕ ಕಾಯಿ."

ಕೇಳಿ ಕೇಳಿ ಕಿವಿ ತೂತಾದ ಕತೆಯನ್ನು ಈಗ ನಾನೇ ದಿನಾ ಹೇಳಬೇಕಂತೆ. ಮಾಡಿದ್ದುಣ್ಣೋ ಮಹರಾಯ.

ಹೊರಡುವಾಗ ಅವಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೂರದ ಸಮುದ್ರ, ಬಿಸಿಲು ಇಳಿಯದಷ್ಟು ಆಳ. ಕತ್ತಲೆಯೊಳಗಿಂದ ಒಂದು ಬೊಂಡಾಸ್ ಬಂತು. ಬೆಳ್ಳಿ ಬಂಗಾರ ಕಲಸಿದ ಬಣ್ಣ. ಕೈಗಳನ್ನು ಸೆರಗಿನ ಹಾಗೆ ಬಿಟ್ಟುಕೊಂಡು ಬಂದು, ನಿಂತು, ಒಂದು ದೊಡ್ಡ ಕಣ್ಣಿನಿಂದ ನಮ್ಮನ್ನು ನೋಡಿತು. "ಇದ್ ನಲ್ವತ್ ಅಡಿ ತನ್ಕ ಬೆಳೀತ್ ಅಂಬ್ರ್" ಎಂದಳು. ಇವರು ಫೋನನ್ನು ಎಡಗೈಯಲ್ಲಿ ಹಿಡಿದು ಬಿಡಲೇ ಇಲ್ಲ. ಕೊನೆಗೆ ಅನಿಷಾ ಆ ವಿಡಿಯೋ ನನ್ನ ಫೋನಿಗೆ ಕಳಿಸಿದಳು.

ಅಂಥದ್ದೊಂದು ಇದೆ ಅಂದಾಯಿತು. ನಮ್ಮ ಕಡಲಿಗೆ ಬಂದಿತ್ತು ಎನ್ನುವುದು ಬೇರೆ ಮಾತು.

ಜುಲೈ ೧, ಮಂಗಳವಾರ

ಇವತ್ತಿನ ಶಬ್ದ: ಬಲ.

ಎಂಟು ದಿನ "ಎಡಬದಿ ರೋಪ್" ಎಂದು ಜಪ ಮಾಡಿದ್ದಕ್ಕೆ ಸಿಕ್ಕಿದ್ದು. ಎರಡಕ್ಷರ ಹೇಳಿ ಬೆವರಿದರು. ನಾನು ದೇವರ ಮುಂದೆ ದೀಪ ಹಚ್ಚಿದೆ.

ಜುಲೈ ೪, ಶುಕ್ರವಾರ

ಶಬ್ದ: ಬಲ, ಗಂಜಿ.

ಬೋಟಿನಲ್ಲಿ ಅವತ್ತು ಚಾ ಕುದಿಯುತ್ತಿತ್ತು ಎಂದೆ. ಚಾ ಅಲ್ಲ, ಗಂಜಿ. ಮೀನಿನವರ ಬುದ್ಧಿಯೇ ಹೀಗೆ. ಹೆಂಡತಿ ಮಕ್ಕಳ ಹೆಸರು ತಪ್ಪಿ ಹೇಳಿದರೂ ಸಹಿಸಿಯಾರು, ಯಾವ ಬದಿಯ ರೋಪು, ಒಲೆಯ ಮೇಲೆ ಏನಿತ್ತು ಎನ್ನುವುದು ತಪ್ಪಿದರೆ ಸತ್ತವರೂ ಎದ್ದು ಬಂದು ತಿದ್ದುತ್ತಾರೆ.

ಜುಲೈ ೮, ಮಂಗಳವಾರ

ಮತ್ತೆ ಕುಂದಾಪುರ. ಇವರಿಗೆ ನುಂಗುವುದೇ ದೊಡ್ಡ ಕಷ್ಟ. ಗಂಜಿಯನ್ನೂ ಅರೆದು, ಚಮಚದ ತುದಿಯಲ್ಲಿ ಕೊಡಬೇಕು. ಕೊಟ್ಟರೆ ಸಿಟ್ಟು, ಮುಖ ತಿರುಗಿಸುವುದು. ಅನಿಷಾಗೆ ಹೇಳಿದೆ. ಅವಳು ಇವರ ಎದುರು ಕುಳಿತು ಫೋನಿನಲ್ಲಿ ಓದಿ ಹೇಳಿದಳು. ಆ ದೊಡ್ಡ ಬೊಂಡಾಸಿಗೆ ಮೂರು ಹೃದಯವಂತೆ. ರಕ್ತ ನೀಲಿಯಂತೆ. ಮಿದುಳು ಉದ್ದಿನ ವಡೆಯ ಹಾಗೆ ನಡುವೆ ತೂತು, ಆ ತೂತಿನೊಳಗೇ ಅನ್ನನಾಳ ಹಾದು ಹೋಗುತ್ತದಂತೆ. ದೊಡ್ಡ ತುತ್ತು ನುಂಗಿದರೆ ಮಿದುಳಿಗೇ ಪೆಟ್ಟು. ಹಾಗಾಗಿ ಎಷ್ಟು ದೊಡ್ಡ ಮೀನು ಹಿಡಿದರೂ ಗಿಳಿಯಂಥ ಕೊಕ್ಕಿನಿಂದ ಚೂರು ಚೂರು ಮಾಡಿಯೇ ತಿನ್ನಬೇಕು. "ಕಾಣಿ ಅಜ್ಜ, ನಲ್ವತ್ ಅಡಿ ಇದ್ದದ್ದೂ ಸಣ್ಣ ತುತ್ತೇ ತಿಂಬುದ್" ಎಂದಳು. ಇವತ್ತು ಮಧ್ಯಾಹ್ನ ಒಂದು ಬಟ್ಟಲು ಗಂಜಿ ತಕರಾರಿಲ್ಲದೆ ಹೋಯಿತು.

ಇನ್ನೊಂದು ಮಾತು ಓದಿದಳು. ಅದನ್ನು ಬರೆಯಲು ಇಷ್ಟು ಹೊತ್ತು ಕಾದೆ. ಆ ಬೊಂಡಾಸಿನ ಮೈತುಂಬ ಅಮೋನಿಯಾ ಇರುತ್ತದಂತೆ. ಅದರಿಂದಲೇ ಅದಕ್ಕೆ ಮೈಭಾರ ಕಡಿಮೆ, ಆಳದ ನೀರಲ್ಲಿ ಆಯಾಸವಿಲ್ಲದೆ ತೇಲುತ್ತದೆ. ಸಾಯುವ ಹೊತ್ತಿಗೆ ಮೇಲೆ ಬರುವುದೂ ಅದರಿಂದಲೇ. ತಿನ್ನಲು ಬರುವುದಿಲ್ಲ, ಕಹಿ.

"ಅಮೋನಿಯಾ ಅಂದ್ರೆ ಹ್ಯಾಂಗ್ ವಾಸ್ನಿ ಮಗಾ?" ಎಂದೆ. ಗೊತ್ತಿದ್ದೇ ಕೇಳಿದೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳು ಒದ್ದೆ ಮಾಡಿದ ಚಾಪೆ ತೊಳೆದವಳಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಸ್ಸಿನಲ್ಲಿ ಬರುವಾಗ ಮರವಂತೆಯಲ್ಲಿ ಒಂದು ಬದಿ ಹೊಳೆ, ಒಂದು ಬದಿ ಕಡಲು. ಕಡಲು ಕೆಂಪಾಗಿ ರಸ್ತೆಗೇ ಹಾರುತ್ತಿತ್ತು. ಇವರು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ಉಚ್ಚೆ ವಾಸನೆ ಎಂದಾಗ ಊರವರಿಗಿಂತ ಜೋರಾಗಿ ನಕ್ಕವಳು ನಾನು. ಇವರ ಎಡಗೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಮನೆಯವರೆಗೆ ಬಂದೆ.

ಜುಲೈ ೧೩, ಭಾನುವಾರ

ಶಬ್ದ: ಬಲ, ಗಂಜಿ, ಕೆಂಪು.

ಗುಡ್ಡ ಬಂದಾಗ ಕತೆ ನಡೆಯುತ್ತಿತ್ತು. ಕಣ್ಣಿನ ಜಾಗಕ್ಕೆ ಬಂದು "ಚಾ ತಟ್ಟಿಯಷ್ಟ್ ಕಣ್ಣ್" ಎಂದೆ. ಇವರು ಎಡಗೈ ಎತ್ತಿ ಬೆರಳು ಬಾಗಿಸಿದರು. ಅರ್ಧ ಹರಿವಾಣ ಆಯಿತು. ಇನ್ನರ್ಧಕ್ಕೆ ಬಲಗೈ ಏಳಲಿಲ್ಲ. ಏಳದ ಕೈಯನ್ನೇ ನೋಡಿದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಅಳುತ್ತಿದ್ದರು, ನಾನು ನೋಡಿದೆ.

ಗುಡ್ಡ ಮೀನಿನ ಚೀಲ ಬಾಗಿಲಲ್ಲೇ ಇಟ್ಟು ಹೋಗಿದ್ದ.

ಜುಲೈ ೨೦, ಭಾನುವಾರ

ಶಬ್ದ ಬರೆಯಲು ಮರೆತಿದ್ದೇನೆ. ನಾಲ್ಕೋ ಐದೋ.

ಮಧ್ಯಾಹ್ನ ಮಳೆ ಬಿಡದೆ ಹೊಯ್ಯಿತು. ಇಂಥ ಮಳೆಯಲ್ಲೇ ಮೊದಲು ಗಂಡಸರೆಲ್ಲ ಕಡಲ ಬದಿಯ ಚಪ್ಪರದಲ್ಲಿ ಬಲೆ ಕಟ್ಟುತ್ತಿದ್ದುದು. ಹದಿನೈದು ಇಪ್ಪತ್ತು ಜನ, ಎಲ್ಲರ ಕಾಲ ಹೆಬ್ಬೆರಳಿಗೂ ಒಂದೊಂದು ನೂಲು. ನಾನು ಅಂಗನವಾಡಿ ಮುಗಿಸಿ, ದೊಡ್ಡ ಕೆಟ್ಲಿನಲ್ಲಿ ಚಾ, ಸೆರಗಲ್ಲಿ ಹುರಿದ ಹಲಸಿನ ಬೀಜ ತೆಗೆದುಕೊಂಡು ಹೋಗುವುದು. ದೂರದಿಂದಲೇ ನಗು ಕೇಳಬೇಕು. ನಾನು ಚಪ್ಪರದೊಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ "ಇಷ್ಟ್!" ಎಂದು ಇವರ ಎರಡು ಕೈ ಮೇಲೆ. ನಾನು ಕೆಟ್ಲನ್ನು ಕುಕ್ಕಿ ಇಟ್ಟು ಬರುತ್ತಿದ್ದೆ, ಎಲ್ಲರಿಗೂ ಕೇಳಲೆಂದು. ಅವರೆಲ್ಲ ನಗುತ್ತಿದ್ದರು ಸರಿ, ಆದರೆ ಮರುದಿನ ಇವರ ಸುತ್ತಲೇ ಕೂರುತ್ತಿದ್ದರು. ಇವರು ಬಾರದ ದಿನ ಚಪ್ಪರದಲ್ಲಿ ಮಾತೇ ಹುಟ್ಟುತ್ತಿರಲಿಲ್ಲ ಎಂದು ರತ್ನನ ಗಂಡ ಭೋಜ ಹೇಳುತ್ತಿದ್ದ. ಭೋಜನೂ ಈಗ ಇಲ್ಲ. ಚಪ್ಪರದ ಜಾಗದಲ್ಲಿ ಕಡಲು ಕೊರೆಯದಂತೆ ಕಲ್ಲು ಹಾಕಿದ್ದಾರೆ. ಆ ಚಾ ಕೆಟ್ಲು ಮಾತ್ರ ಅಟ್ಟದ ಮೇಲಿದೆ. ಒಂದು ದಿನವಾದರೂ ಕುಕ್ಕದೆ, ಕುಳಿತು, ಪೂರ್ತಿ ಕೇಳಬಹುದಿತ್ತು.

ಆ ಜಾತಿಯ ಬೊಂಡಾಸ್ ಬದುಕುವುದು ಹೆಚ್ಚೆಂದರೆ ಐದಾರು ವರ್ಷ ಇರಬಹುದು, ಸರಿಯಾಗಿ ಯಾರಿಗೂ ಗೊತ್ತಿಲ್ಲ ಎಂದು ಅನಿಷಾ ಓದಿದ್ದಳು. ಒಂಟಿಯಾಗಿಯೇ ಇರುವುದಂತೆ. ಅಂದರೆ ನನ್ನ ಅಂಗನವಾಡಿಯ ಮಗುವಿನ ಪ್ರಾಯ! ಅಷ್ಟು ಸಣ್ಣ ಪ್ರಾಯಕ್ಕೆ ಅಷ್ಟು ದೊಡ್ಡ ಮೈ, ಅಷ್ಟು ಕತ್ತಲೆಯಲ್ಲಿ ಒಂದೇ. ನಮ್ಮ ಬೊಂಡಾಸ್ ಅವತ್ತು ಸಾಯಲೆಂದೇ ಮೇಲೆ ಬಂದಿತ್ತೋ ಏನೋ. ಇವರನ್ನು ಯಾಕೆ ನೋಡಿತು?

ಜುಲೈ ೨೭, ಭಾನುವಾರ

ಬೆಳಗ್ಗೆ ಗಂಜಿ ಆದ ಮೇಲೆ ಕತೆ ಹೇಳಲು ಕುಳಿತೆ. ಇವತ್ತು ತಪ್ಪು ಮಾಡಲು ಮನಸ್ಸಾಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಇವರು ಹೇಳುತ್ತಿದ್ದ ಹಾಗೆಯೇ ಹೇಳೋಣ ಅಂದುಕೊಂಡೆ. ಬಲಬದಿಯ ರೋಪು. ಒಲೆಯ ಮೇಲೆ ಗಂಜಿ. ಇಟ್ಟಿಗೆಯ ಕೆಂಪು. ಹರಿವಾಣದ ಕಣ್ಣು. ಉಚ್ಚೆ ವಾಸನೆ. ಇವರು ಒಂದೊಂದಕ್ಕೂ ತಲೆ ಆಡಿಸುತ್ತಿದ್ದರು.

"ಅಷ್ಟೊತ್ತಿಗೆ ರೋಪ್ ತುಂಡಾಯ್ತ್" ಎಂದೆ.

ಟಪ್ ಎಂದು ಕೈ ಬಡಿಯಿತು.

ತಪ್ಪು ಹೇಳಿಲ್ಲವಲ್ಲ ಎಂದುಕೊಂಡು ಮತ್ತೆ ಹೇಳಿದೆ. ಮತ್ತೆ ಟಪ್. ಬಾಯಿ ತೆರೆಯಿತು, ಮುಚ್ಚಿತು, ಕುತ್ತಿಗೆಯ ನರ ಉಬ್ಬಿತು. ಸಾಕು, ಬೇಡ ಎಂದೆ. ಕೇಳಲಿಲ್ಲ.

"ಕ... ಕಡ್ದೆ."

ಕಡಿದೆ. ತುಂಡಾದದ್ದಲ್ಲ, ನಾನು ಕಡಿದೆ. ನಾನು ನೋಡುತ್ತಿದ್ದ ಹಾಗೆಯೇ ಇವರ ಎಡಗೈ ಕೆಳಗೆ ಇಳಿದು ನನ್ನ ಕಾಲಿನ ಹರಡು ಹಿಡಿಯಿತು. ಬಿಗಿಯಾಗಿ, ಬಳೆಯ ಹಾಗೆ ಸುತ್ತಲೂ. "ಗುಡ್ಡ" ಎಂದರು.

ಗುಡ್ಡನ ಬಲಗಾಲಲ್ಲಿ ಹರಡಿನ ಮೇಲೆ ಸುತ್ತಲೂ ಒಂದು ಗಾಯದ ಕಲೆ ಇದೆ. ಲಂಗರಿನ ಸರಪಳಿ ತಾಗಿದ್ದು ಎಂದು ಅಮ್ಮನಿಗೆ ಹೇಳಿದ್ದ. ಅವತ್ತಿನಿಂದ ಲುಂಗಿ ಮೇಲೆ ಕಟ್ಟಿದವನಲ್ಲ.

ಬೋಟಿಗೆ ಹತ್ತಿದವನಿಗೆ ಹೇಳಿಕೊಡುವ ಮೊದಲ ಪಾಠ, ರೋಪಿನ ಸುರುಳಿಯೊಳಗೆ ಕಾಲಿಡಬಾರದು. ಬಲೆ ಭಾರಕ್ಕೆ ರೋಪು ಹಿಂದಕ್ಕೆ ಜಾರಿದರೆ ಸುರುಳಿ ಬಿಗಿದು ಮನುಷ್ಯನನ್ನೇ ಕಡಲಿಗೆ ಎಳೆಯುತ್ತದೆ. ಗುಡ್ಡ ಅವತ್ತು ಹದಿನೆಂಟರ ಹುಡುಗ, ಮೊದಲ ವರ್ಷ. ರೋಪಿಗೆ ಕಾಲು ಕೊಟ್ಟವನನ್ನು ನಮ್ಮಲ್ಲಿ ಆಮೇಲೆ ಯಾವ ಬೋಟಿಗೂ ಹತ್ತಿಸುವುದಿಲ್ಲ. ಇವತ್ತು ಅವನ ಕಾಲು, ನಾಳೆ ನಮ್ಮ ಜೀವ ಎನ್ನುತ್ತಾರೆ. ಅಪ್ಪ ಇಲ್ಲದ ಮನೆ. ಅವನನ್ನು ಕರೆದುಕೊಂಡು ಹೋಗಿ ಎಂದು ಇವರಿಗೆ ಗಂಟುಬಿದ್ದವಳು ನಾನೇ. "ನನ್ ತಮ್ಮನ್ನ ನಿಮ್ ಕೈಯಗೆ ಕೊಟ್ಟಿದೆ" ಎಂದಿದ್ದೆ.

ಆ ಕೈ ಕತ್ತಿ ತೆಗೆದು ರೋಪು ಕಡಿಯಿತು. ಆಮೇಲೆ ದಡಕ್ಕೆ ಬಂದು ಎಲ್ಲವನ್ನೂ ಬೊಂಡಾಸಿನ ತಲೆಗೆ ಕಟ್ಟಿತು. ಗುಡ್ಡ ತಾಂಡೇಲನಾದ. ಇವರು ಬೊಂಡಾಸ್ ಬಚ್ಚ ಆದರು. ಗಂಡನ ಹೆಸರನ್ನು ಬಾಯಲ್ಲಿ ಹೇಳದವಳು ಮತ್ತೆ ಬರೆದುಬಿಟ್ಟಿದ್ದೇನೆ, ಇರಲಿ.

ಮೂವತ್ತೊಂದು ವರ್ಷ ಸುಳ್ಳ ಎಂದು ಅನ್ನಿಸಿಕೊಂಡರು, ಅದೂ ನನ್ನ ಬಾಯಿಂದ, ನನ್ನ ತಮ್ಮನಿಗಾಗಿ. ಇವರ ಕಾಲು ಹಿಡಿದು ಅತ್ತೆ. ನನ್ನ ಕಾಲನ್ನು ಇವರು ಇನ್ನೂ ಬಿಟ್ಟಿರಲಿಲ್ಲ.

ಆಗಸ್ಟ್ ೩, ಭಾನುವಾರ

ಗುಡ್ಡ ಬರಲಿಲ್ಲ. ಬರುವ ಶನಿವಾರ ನೂಲಹುಣ್ಣಿಮೆಯ ಸಮುದ್ರಪೂಜೆ, ಆಮೇಲೆ ಬೋಟು ಇಳಿಸುವ ಗಡಿಬಿಡಿ. ಮೀನು ಕಳಿಸಿದ್ದಾನೆ. ಆ ಮೀನನ್ನು ಕೊಯ್ಯಲು ಕುಳಿತೆ. ಭಾನುವಾರ ಭಾನುವಾರ ಎಷ್ಟು ಮೀನು ತಿಂದಿದ್ದೇವೆ, ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಮನಸ್ಸು ಮಾತ್ರ ಒಂದೇ ಕಡೆ ಸುತ್ತುತ್ತಿದೆ. ರೋಪು ಕಡಿದದ್ದು ಗುಡ್ಡನ ಕಾಲು ಬಿಡಿಸಲು ಅಂದರೆ, ಬೊಂಡಾಸ್ ಇತ್ತೇ? ಮುಚ್ಚಿಡಲು ಕಟ್ಟಿದ ಕತೆಯೇ? ಇವರನ್ನು ಕೇಳಲು ಧೈರ್ಯವಿಲ್ಲ. ಕೇಳಿ ಇಲ್ಲ ಎಂದುಬಿಟ್ಟರೆ?

ಸಂಜೆ ರತ್ನ "ಆ ಬೊಂಡಾಸ್ ಎಲ್ಲ ಬಚ್ಚಣ್ಣ ಕಟ್ಟದ್ದೇ ಅಲ್ದಾ" ಎಂದು ನಕ್ಕಳು. "ಕಟ್ಟುದಾರೆ ಘಮಘಮ ಅಂತ ಕಟ್ತಿದ್ರ್, ಉಚ್ಚಿ ವಾಸ್ನಿ ಅಂತ ಎಂತಕ್ ಕಟ್ತಿದ್ರ್? ಗೊತ್ತಿಲ್ದೆ ಬಾಯಿ ಬಿಡಬ್ಯಾಡ" ಎಂದು ಗದರಿಸಿದೆ. ಅವಳು ಮುಖ ಊದಿಸಿಕೊಂಡು ಹೋದಳು. ನಾಳೆ ಸಮಾಧಾನ ಮಾಡಬೇಕು.

ಆಗಸ್ಟ್ ೯, ಶನಿವಾರ

ನೂಲಹುಣ್ಣಿಮೆ. ಎಲ್ಲರೂ ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಬಿಟ್ಟರು. ನಾನೂ ಒಂದು ಬಿಟ್ಟೆ. ಗುಡ್ಡನ ಬೋಟಿಗೆ ಒಳ್ಳೆಯದಾಗಲಿ ಎಂದೆ. ಇನ್ನೊಂದು ಮಾತೂ ಬೇಡಿಕೊಂಡೆ.

ಆಗಸ್ಟ್ ೧೦, ಭಾನುವಾರ

ಗುಡ್ಡ ನಾಳೆ ಕಡಲಿಗೆ ಹೋಗುವವ. ಹೇಳಿ ಹೋಗಲು ಬಂದ. ನಾಡದೋಣಿಯವರಿಂದ ತಂದ ಬೊಂಡಾಸ್ ಚೀಲದಲ್ಲಿತ್ತು. "ಭಾವನಿಗ್ ತಿಂಬುಕೆ ಆತಿಲ್ಲ, ನೀನಾರೂ ತಿನ್" ಎಂದ.

"ಕೂಕೊ" ಎಂದೆ. "ಮಳಿ ಬಂದ್ರೂ ಕೂಕೊ."

ಕುಳಿತ. ನಾನು ಕತೆ ಶುರು ಮಾಡಿದೆ. ಎಲ್ಲ ಸರಿಯಾಗಿ ಹೇಳಿದೆ. ಗುಡ್ಡ ಲುಂಗಿಯ ಅಂಚು ಎಳೆದುಕೊಂಡು ನೆಲ ನೋಡುತ್ತಿದ್ದ. ರೋಪಿನ ಜಾಗ ಬಂದಾಗ ಇವರ ಮುಖ ನೋಡಿದೆ. ಇವರು ಮೆಲ್ಲಗೆ ಬೇಡ ಎಂದು ತಲೆ ಆಡಿಸಿದರು. ಬಾಯಿ ಹೋದರೂ ಇವರ ಬುದ್ಧಿ ಹೋಗಿಲ್ಲ.

"ಅಷ್ಟೊತ್ತಿಗೆ ರೋಪ್ ತುಂಡಾಯ್ತ್" ಎಂದೆ. ಇವರು ಕೈ ಬಡಿಯಲಿಲ್ಲ.

"ತುಂಡಾದ್ದಲ್ಲ ಅಕ್ಕ." ಗುಡ್ಡ ತಲೆ ಎತ್ತಲಿಲ್ಲ. "ಭಾವ ಕಡ್ದದ್ದ್. ನನ್ ಕಾಲ್ ಸಿಕ್ಕಿತ್. ಹೇಳ್ವ, ಹೇಳ್ವ ಅಂತ ಎಷ್ಟೋ ಸಲ ಬಂದೆ. ಭಾವ ಹೇಳುಕೆ ಬಿಡ್ಲಿಲ್ಲ. ಆಮೇಲೆ ನಂಗೇ ಬಾಯಿ ಬರ್ಲಿಲ್ಲ." ಐವತ್ತು ಮುಟ್ಟುವ ಗಂಡಸು, ಹತ್ತು ಜನರನ್ನು ಕಡಲಲ್ಲಿ ಆಳುವ ತಾಂಡೇಲ, ಮೊಣಕಾಲಿಗೆ ಮುಖ ಒತ್ತಿ ಅತ್ತ.

ಅವನ ಬೆನ್ನ ಮೇಲೆ ಕೈ ಇಟ್ಟೆ. ಅಂಗನವಾಡಿಯಲ್ಲಿ ಇಡುತ್ತಿದ್ದ ಹಾಗೆ. "ನಂಗೆ ಹದಿನೈದ್ ದಿನ ಆಯ್ತ್ ಗೊತ್ತಾಯಿ. ಸಾಕ್, ಕಣ್ಣ್ ಒರ್ಸ್ಕೊ" ಎಂದೆ. ಅವನು ಒರೆಸಿಕೊಂಡ ಮೇಲೆ ಕೇಳಿದೆ. "ಬೊಂಡಾಸ್ ಕಂಡ್ಯಾ ನೀನ್?"

"ನಾ ಕಾಲ್ ಕಾಣ್ತಿದ್ದೆ ಅಕ್ಕ. ರೋಪ್ ಎಳೀತಿತ್. ಭಾವ ಮಾತ್ರ ನೀರ್ ಬದಿಗ್ ಇದ್ದದ್ದ್. ವಾಸ್ನಿ ಒಂದ್ ಬಂದಿತ್. ನಾನೇ ಹೆದ್ರಿ ಉಚ್ಚಿ ಮಾಡ್ಕಂಡೆ ಅಂದ್ಕಂಡಿದ್ದೆ."

ನಾನು ಮಂಚಕ್ಕೆ ಹತ್ತಿರ ಸರಿದೆ. ಪರೀಕ್ಷೆಯ ರಿಸಲ್ಟಿಗೆ ನಿಂತವಳ ಹಾಗೆ.

"ಹ್ವಾಯ್. ನಂಗೊಂದ್ ಹೇಳಿ. ಬೊಂಡಾಸ್ ಇದ್ದಿತಾ?"

ಇವರು ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು. ತುಟಿ ಕೂಡಿತು, ಬಿಟ್ಟಿತು, ಕೂಡಿತು.

"ಇದ್ದಿತ್."

ಒಂದು ತೊದಲೂ ಇಲ್ಲ. ಹೇಳಿ ಎಡಗೈ ಎತ್ತಿದರು. ಬೆರಳು ಬಾಗಿಸಿ ಗಾಳಿಯಲ್ಲಿ ಅರ್ಧ ಹರಿವಾಣ ಹಿಡಿದರು. ಬಲಗೈ ಹಾಸಿಗೆಯ ಮೇಲೇ ಇತ್ತು. ನಾನು ನನ್ನ ಬಲಗೈ ಎತ್ತಿ, ಬೆರಳು ಬಾಗಿಸಿ, ಇವರ ಕೈಗೆ ಎದುರಾಗಿ ಹಿಡಿದೆ.

ಅಷ್ಟು ಸಾಲದೆಂದು ಇವರು ತಲೆ ಆಡಿಸಿದರು. ತಮ್ಮ ಕೈಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದರು. ನಾನೂ ಸರಿಸಿದೆ.